ಬೊಡ್ಡೆ ಕೊರೆಯುವ ಮುನ್ನ ಚೇಗು ನೋಡಿ

ಮರ ಕಡಿಸಿದ ಮೇಲೆ ಅಂಗಳದಲ್ಲಿ ಉಳಿಯುವ ಬೊಡ್ಡೆಯನ್ನು ಕಿತ್ತು ತೆಗೆಯುವುದು ಸುಲಭವಲ್ಲ. ಜೆಸಿಬಿ ತರಿಸಿದರೆ ಕಾಂಪೌಂಡಿಗೂ ನೀರಿನ ಪೈಪಿಗೂ ಪೆಟ್ಟು. ಹಾಗಾಗಿ ಬೊಡ್ಡೆಯ ನಡುವನ್ನು ಕೊರೆದು, ಮಣ್ಣು ತುಂಬಿ ಹೂಗಿಡ ನೆಡುವವರಿದ್ದಾರೆ. ಒಳ್ಳೆಯ ಉಪಾಯವೇ ಸರಿ. ಆದರೆ ಎಷ್ಟೋ ಕಡೆ ನೆಟ್ಟ ಗಿಡ ಕೆಲವೇ ವಾರಗಳಲ್ಲಿ ಹಳದಿಗೆ ತಿರುಗುತ್ತದೆ, ಇಲ್ಲವೇ ಬೊಡ್ಡೆಯೇ ಬೇಗ ಒಡೆದು ಕುಸಿಯುತ್ತದೆ. ಮರದ ಒಳರಚನೆ ಸ್ವಲ್ಪ ತಿಳಿದಿದ್ದರೆ ಈ ಎರಡನ್ನೂ ಬಹಳಮಟ್ಟಿಗೆ ತಡೆಯಬಹುದು.

ಹೊಸದಾಗಿ ಕಡಿದ ಹಲಸಿನ ಬೊಡ್ಡೆಯನ್ನು ಬಗ್ಗಿ ನೋಡಿ. ತೊಗಟೆಯ ಅಂಚಿನಲ್ಲಿ ಬಿಳಿ ಮೇಣ ಹನಿಹನಿಯಾಗಿ ಜಿನುಗಿರುತ್ತದೆ. ಅದಕ್ಕೆ ಅಂಟಿಕೊಂಡಂತೆ ಮಾಸಲು ಬಿಳಿಯ ಪಟ್ಟಿ, ಅದರೊಳಗೆ ಅರಿಸಿನ ಬಣ್ಣದ ಚೇಗು. ಮರ ಬದುಕಿದ್ದಾಗ ಬೇರಿನ ನೀರು ಎಲೆಗೆ ಏರುತ್ತಿದ್ದುದು ಆ ಬಿಳಿ ಪಟ್ಟಿಯಲ್ಲಿ. ಮರ ತನ್ನ ಸಕ್ಕರೆ, ಪಿಷ್ಟವನ್ನು ಕೂಡಿಡುತ್ತಿದ್ದುದೂ ಅಲ್ಲೇ. ವಯಸ್ಸಾದಂತೆ ಒಳಭಾಗದ ಕೋಶಗಳು ಆ ಪಿಷ್ಟವನ್ನು ಖರ್ಚು ಮಾಡಿ ಬಗೆಬಗೆಯ ರಾಸಾಯನಿಕಗಳನ್ನು ತಯಾರಿಸುತ್ತವೆ, ಅವನ್ನು ತಮ್ಮ ಸುತ್ತ ತುಂಬಿ ತಾವು ಸಾಯುತ್ತವೆ. ಹೀಗೆ ಆದದ್ದೇ ಚೇಗು. ಹಲಸಿಗೆ ಹಳದಿ ಬಣ್ಣ ಕೊಡುವ ಮೊರಿನ್, ತೇಗದಲ್ಲಿರುವ ಟೆಕ್ಟೊಕ್ವಿನೋನ್ ಇಂಥ ರಾಸಾಯನಿಕಗಳೇ. ತೇಗದ ಚೇಗಿಗೆ ಗೆದ್ದಲು ಸುಲಭವಾಗಿ ಬಾಯಿ ಹಾಕದಿರುವುದು ಇವುಗಳ ದೆಸೆಯಿಂದ. ಹೊರಗಿನ ಬಿಳಿ ಮರಕ್ಕೆ ಆ ರಕ್ಷಣೆ ಇಲ್ಲ. ಸಾಲದ್ದಕ್ಕೆ ಅದರ ತುಂಬ ಶಿಲೀಂಧ್ರಗಳಿಗೆ ಬೇಕಾದ ಆಹಾರ.

ಕುಂಡ ಮಾಡುವಾಗ ನಾವು ಕೆತ್ತಿ ಎಸೆಯುವುದು ಚೇಗನ್ನು. ಗೋಡೆಯಾಗಿ ಉಳಿಸಿಕೊಳ್ಳುವುದು ಮೊದಲು ಕೊಳೆಯುವ ಬಿಳಿ ಮರವನ್ನು! ಹಲಸು, ತೇಗದಂಥ ಮರಗಳಲ್ಲಿ ಗೋಡೆ ಅಗಲವಾಗಿರಲಿ, ಅದರ ಒಳಮೈಯಲ್ಲಿ ಕನಿಷ್ಠ ಎರಡು ಇಂಚು ಚೇಗು ಉಳಿಯಲಿ ಎನ್ನುವುದು ಇದಕ್ಕೇ. ಕುಂಡ ಕಿರಿದಾದರೂ ಚಿಂತೆಯಿಲ್ಲ, ಬಾಳಿಕೆ ಹೆಚ್ಚು.

ತೆಂಗಿನ ಲೆಕ್ಕ ಪೂರ್ತಿ ತಿರುವುಮುರುವು. ತೆಂಗು, ಅಡಿಕೆ ಹುಲ್ಲಿನ ದೂರದ ನೆಂಟರು. ಅವುಗಳಲ್ಲಿ ವರ್ಷವರ್ಷ ಮರ ದಪ್ಪವಾಗಿಸುವ ಪದರ ಇಲ್ಲ, ಹಾಗಾಗಿ ಉಂಗುರವೂ ಇಲ್ಲ, ಚೇಗೂ ಇಲ್ಲ. ನಾರಿನ ಕಟ್ಟುಗಳು ಹೊರಅಂಚಿನಲ್ಲಿ ಒತ್ತೊತ್ತಾಗಿದ್ದು ನಡುವಿಗೆ ಬಂದಂತೆ ವಿರಳವಾಗುತ್ತವೆ. ಬಲಿತ ತೆಂಗಿನ ಹೊರಮೈ ಘನ ಮೀಟರಿಗೆ 600 ಕಿಲೋಗಿಂತ ಹೆಚ್ಚು ತೂಗಿದರೆ, ತಿರುಳು 400 ಕಿಲೋಗಿಂತ ಕಡಿಮೆ. ಮೆತ್ತಗಿನ ನಡು, ಗಟ್ಟಿ ಗೋಡೆ. ಕುಂಡಕ್ಕೆ ಇದಕ್ಕಿಂತ ಅನುಕೂಲದ ಮರ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಸಕ್ಕರೆ ಅಂಶವಿರುವ ತಿರುಳನ್ನು ಮಾತ್ರ ತಡಮಾಡದೆ ತೋಡಿ ತೆಗೆಯಬೇಕು. ಕೊಳೆಯಲು ಬಿಟ್ಟರೆ ಸುಳಿ ಕೊರೆಯುವ ರೈನೋಸಿರಸ್ ದುಂಬಿ ಅಲ್ಲೇ ಮೊಟ್ಟೆಯಿಟ್ಟು ಪಕ್ಕದ ತೆಂಗಿಗೆ ಹೊರಡುತ್ತದೆ.

ಕೊರೆಯುವ ಕೆಲಸದಲ್ಲಿ ನಾರಿನ ದಿಕ್ಕು ನೋಡಿಕೊಳ್ಳಬೇಕು. ಮರ ಎಂದರೆ ಉದ್ದನೆಯ ಕೊಳವೆಗಳನ್ನು ಕಟ್ಟಿಟ್ಟ ಹೊರೆಯ ಹಾಗೆ. ಬೊಡ್ಡೆಯಲ್ಲಿ ಆ ಕೊಳವೆಗಳು ನೆಟ್ಟಗೆ ನಿಂತಿರುತ್ತವೆ. ಅಡ್ಡಕ್ಕೆ ಕತ್ತರಿಸುವುದು ಕಷ್ಟ, ಉದ್ದಕ್ಕೆ ಸೀಳುವುದು ಸುಲಭ. ಮೇಲಿನಿಂದ ಬೈರಿಗೆಯಲ್ಲೋ ಡ್ರಿಲ್ಲಿನಲ್ಲೋ ಒತ್ತಾಗಿ ತೂತು ಹಾಕಿ, ನಡುವಿನ ಮರವನ್ನು ಉಳಿ, ಕೊಡತಿಯಿಂದ ಸೀಳಿ ತೆಗೆದರೆ ಕೈಗೆ ಅರ್ಧ ಕೆಲಸ ಉಳಿಯುತ್ತದೆ. ಇದೇ ಕೊಳವೆಗಳು ಬೊಡ್ಡೆಯ ತಲೆಯ ಮೇಲೆ ಬಾಯಿ ತೆರೆದಿರುವುದರಿಂದ ಮಳೆನೀರನ್ನು ಹೀರುತ್ತವೆ. ಅಂಚನ್ನು ಹೊರಕ್ಕೆ ಇಳಿಜಾರಾಗಿ ಕೆತ್ತಿದರೆ ನೀರು ನಿಲ್ಲದೆ ಹರಿದುಹೋಗುತ್ತದೆ.

ತಳದಲ್ಲಿ ನೀರು ಬಸಿದುಹೋಗಲು ಹೊರಗಿನಿಂದ ಒಳಕ್ಕೆ ಏರುವಂತೆ ಓರೆಯಾಗಿ ತೂತು ಬೇಕೇ ಬೇಕು. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಆಮ್ಲಜನಕ ಸಿಗುವುದಿಲ್ಲ. ತಳಕ್ಕೆ ಜಲ್ಲಿ ಸುರಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ತಪ್ಪು. ಮಣ್ಣಿನ ಸಣ್ಣ ಸಂದುಗಳು ನೀರನ್ನು ಬಿಗಿಯಾಗಿ ಹಿಡಿದಿಡುತ್ತವೆ. ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ಆ ನೀರು ಜಲ್ಲಿಯ ದೊಡ್ಡ ಸಂದಿಗೆ ಇಳಿಯುವುದಿಲ್ಲ. ಜಲ್ಲಿ ಹಾಕಿದಷ್ಟು ಎತ್ತರಕ್ಕೆ ಕೆಸರು ಮೇಲೇರಿ ಬೇರಿಗೆ ಇನ್ನೂ ಹತ್ತಿರವಾಗುತ್ತದೆ, ಅಷ್ಟೆ.

ಇನ್ನು ಎಲೆ ಹಳದಿಯಾಗುವ ವಿಚಾರ. ಒಳಗೋಡೆಗೆ ತಾಗಿದ ಒದ್ದೆ ಮಣ್ಣಿನಿಂದ ಶಿಲೀಂಧ್ರಗಳು, ಬ್ಯಾಕ್ಟೀರಿಯಾಗಳು ಮರಕ್ಕೆ ಇಳಿಯುತ್ತವೆ. ಮರದ ತೇವ ಸುಮಾರು ಶೇಕಡ 20ಕ್ಕಿಂತ ಕಡಿಮೆ ಇದ್ದರೆ ಶಿಲೀಂಧ್ರ ಅದನ್ನು ಕೊಳೆಯಿಸಲಾರದು, ಆದರೆ ಕುಂಡದಲ್ಲಿ ದಿನವೂ ನೀರು. ಮರದ ತುಂಬ ಇರುವುದು ಸೆಲ್ಯುಲೋಸ್, ಲಿಗ್ನಿನ್. ಅಂದರೆ ಬೇಕಾದಷ್ಟು ಇಂಗಾಲ, ಹೆಸರಿಗಷ್ಟೇ ಸಾರಜನಕ. ಮರದ ಪುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲ ಇರುತ್ತದೆ. ಸೂಕ್ಷ್ಮಜೀವಿಗಳಿಗೆ ಹಿತವಾದ ಪ್ರಮಾಣ ಒಂದಕ್ಕೆ ಇಪ್ಪತ್ತೈದು, ಮೂವತ್ತು. ಕೊರತೆ ತುಂಬಿಕೊಳ್ಳಲು ಅವು ಪಕ್ಕದ ಮಣ್ಣಿನ ಸಾರಜನಕಕ್ಕೆ ಕೈಹಾಕುತ್ತವೆ. ಗಿಡಕ್ಕೆ ಸಿಗಬೇಕಾದದ್ದು ಅವುಗಳ ಮೈ ಸೇರುತ್ತದೆ. ಹಳೆಯ ಎಲೆಗಳು ಮೊದಲು ಹಳದಿಯಾಗುವುದು ಇದರ ಗುರುತು. ಕೊರೆದ ಪುಡಿಯನ್ನು ಗೊಬ್ಬರವಾಗುತ್ತದೆಂದು ಅದೇ ಕುಂಡಕ್ಕೆ ಬೆರೆಸುವವರು ಈ ತೊಂದರೆಯನ್ನು ಇಮ್ಮಡಿ ಮಾಡಿಕೊಳ್ಳುತ್ತಾರೆ. ಪುಡಿಯನ್ನು ಹೊರಗೆ ಹಾಕಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದ ಜತೆ ಒಂದೆರಡು ಹಿಡಿ ಕಡಲೆಕಾಯಿ ಹಿಂಡಿ ಅಥವಾ ಬೇವಿನ ಹಿಂಡಿ ಮಣ್ಣಿಗೆ ಸೇರಿಸಿ. ಮೊದಲ ಬೆಳೆಯಾಗಿ ಅಲಸಂದೆ ಹಾಕುವುದು ಜಾಣತನ: ಅದರ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದು ಕೊಡುತ್ತದೆ. ಆಮೇಲೆ ದೊಡ್ಡಪತ್ರೆ, ಒಂದೆಲಗ ನೆಡಬಹುದು.

ಕೆಲವು ಬೊಡ್ಡೆಗಳು ಸತ್ತೇ ಇರುವುದಿಲ್ಲ. ಹೊಂಗೆ, ಬೇವು, ನೀಲಗಿರಿಯ ಬೊಡ್ಡೆಯ ನಡುವನ್ನು ತೋಡಿದರೂ ತೊಗಟೆಯಡಿಯಿಂದ ಚಿಗುರು ಬರುತ್ತದೆ, ಮರದ ಜೀವ ಇರುವುದು ಹೊರಪದರದಲ್ಲಿ ತಾನೇ! ನ್ಯೂಜಿಲೆಂಡಿನಲ್ಲಿ ಒಂದೇ ಒಂದು ಎಲೆಯೂ ಇಲ್ಲದ ಕೌರಿ ಮರದ ಬೊಡ್ಡೆಯೊಂದು ಬದುಕಿರುವುದು 2019ರಲ್ಲಿ ವರದಿಯಾಯಿತು. ಬೇರುಗಳು ಬೆಸೆದುಕೊಂಡಿದ್ದರಿಂದ ನೆರೆಯ ಕೌರಿ ಮರಗಳೇ ಅದನ್ನು ಪೋಷಿಸುತ್ತಿದ್ದವು. ಅಂಗಳದಲ್ಲಿ ಬೊಡ್ಡೆ ಚಿಗುರುತ್ತಿದ್ದರೆ ಕುಂಡದ ಆಸೆ ಬಿಟ್ಟು ಒಂದು ಚಿಗುರನ್ನು ಮರವಾಗಲು ಬಿಡಿ ಎಂದೇ ನಾನು ಹೇಳುತ್ತೇನೆ.

ತೋಟದವರಿಗೆ ಕೊನೆಯದಾಗಿ ಒಂದು ಕಿವಿಮಾತು. ತೆಂಗು ಅಥವಾ ಅಡಿಕೆ ಅಣಬೆ ರೋಗದಿಂದ ಸತ್ತಿದ್ದರೆ ಅದರ ಬೊಡ್ಡೆಯನ್ನು ಕುಂಡ ಮಾಡಲೇಬೇಡಿ. ಬುಡದಿಂದ ಕೆಂಗಂದು ರಸ ಸೋರಿದ್ದರೆ, ಬುಡದಲ್ಲಿ ಗಟ್ಟಿ ಅಣಬೆ ಮೂಡಿದ್ದರೆ ಅದು ಗ್ಯಾನೊಡರ್ಮಾ ಶಿಲೀಂಧ್ರದ ಕೆಲಸ. ಅದು ಮಣ್ಣಿನಲ್ಲಿ, ಬೇರಿನಿಂದ ಬೇರಿಗೆ ಹರಡುತ್ತದೆ. ನೀವು ದಿನವೂ ನೀರು ಹಾಕುವ ಬೊಡ್ಡೆ ಅದಕ್ಕೆ ನೆಲೆಯಾಗುತ್ತದೆ. ಅಂಥ ಬೊಡ್ಡೆಯನ್ನು ಖರ್ಚಾದರೂ ಬೇರುಸಹಿತ ಅಗೆಸಿ ಸುಟ್ಟುಬಿಡಿ, ಸುತ್ತಲಿನ ಮರಗಳ ಬುಡಕ್ಕೆ ಬೇವಿನ ಹಿಂಡಿಯ ಜತೆ ಟ್ರೈಕೋಡರ್ಮಾ ಎಂಬ ಮಿತ್ರ ಶಿಲೀಂಧ್ರವನ್ನು ಕೊಡಿ.