ಜಾತ್ರೆಯ ಲೆಕ್ಕ, ಪಂಚಾಯಿತಿಯ ಲೆಕ್ಕ

ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ಜಾತ್ರೆ ಮುಗಿದು ಎಂಟು ದಿನಗಳಾಗಿದ್ದವು. ಗುಡಿಯ ಮುಂದಿನ ಕಟ್ಟೆಯ ಮೇಲೆ ಊರ ಹಿರಿಯರು, ಕೆಳಗೆ ಜಮಖಾನೆಯ ಮೇಲೆ ಐವತ್ತು ಅರವತ್ತು ಜನ. ನಿವೃತ್ತ ಶಿಕ್ಷಕರೊಬ್ಬರು ಲೆಕ್ಕದ ಪುಸ್ತಕ ತೆರೆದು ಗಟ್ಟಿಯಾಗಿ ಓದುತ್ತಿದ್ದರು. ಮನೆಮನೆಯಿಂದ ಎತ್ತಿದ ಪಟ್ಟಿ ಎಷ್ಟು, ತೇರಿನ ಹಗ್ಗಕ್ಕೆ ಎಷ್ಟು, ದಾಸೋಹದ ಗೋಧಿ-ಬೆಲ್ಲಕ್ಕೆ ಎಷ್ಟು, ಬಯಲಾಟದ ಮೇಳಕ್ಕೆ ಎಷ್ಟು. ನಡುವೆ ಒಬ್ಬ ಯುವಕ ಎದ್ದು, ಜನರೇಟರಿನ ಡೀಸೆಲ್ಲು ಎರಡು ರಾತ್ರಿಯದೋ ಮೂರು ರಾತ್ರಿಯದೋ ಎಂದು ಕೇಳಿದ. ಅರ್ಧ ಗಂಟೆ ವಾದ ನಡೆಯಿತು. ರಸೀದಿ ತರಿಸಿದರು, ಎಲ್ಲರೂ ನೋಡಿದರು, ಒಪ್ಪಿದರು. ಉಳಿದ ಹಣ ಯಾರ ಕೈಯಲ್ಲಿರಬೇಕೆಂಬುದನ್ನೂ ಅಲ್ಲೇ ತೀರ್ಮಾನಿಸಿ ಎದ್ದರು. ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಅತಿಥಿಯಾಗಿ ಹೋಗಿದ್ದ ನಾನು ಆ ಲೆಕ್ಕಪರಿಶೋಧನೆಯನ್ನು ಬೆರಗಿನಿಂದ ನೋಡಿದೆ.

ಮೂರು ವಾರಗಳ ಬಳಿಕ ಅದೇ ಊರಿನಲ್ಲಿ ಗ್ರಾಮಸಭೆ ಇತ್ತು. ಕುತೂಹಲದಿಂದ ಮತ್ತೆ ಹೋದೆ. ಸಮುದಾಯ ಭವನದಲ್ಲಿ ಮೂವತ್ತು ಜನರಿದ್ದರೇನೋ. ವರ್ಷದ ಜಮಾ-ಖರ್ಚನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಲಾಯಿತು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ವಸತಿ ಯೋಜನೆಯ ಫಲಾನುಭವಿಗಳ ಹೆಸರು ಓದತೊಡಗಿದಾಗ ಮಾತ್ರ ಸಭೆಗೆ ಜೀವ ಬಂತು. ಹೆಸರಿದ್ದವರು ಸುಮ್ಮನಾದರು, ಇಲ್ಲದವರು ಜಗಳವಾಡಿ ಎದ್ದು ಹೋದರು. ಕೋರಂಗೆ ಬೇಕಾದ ಸಹಿಗಳನ್ನು ಮರುದಿನ ಮನೆಮನೆಗೆ ಹೋಗಿ ತಂದರೆಂದು ಆಮೇಲೆ ತಿಳಿಯಿತು.

ಡೀಸೆಲ್ಲಿನ ಲೆಕ್ಕ ಕೇಳಿದ್ದ ಯುವಕನೂ ಅಲ್ಲಿದ್ದ. ಕುಡಿಯುವ ನೀರಿನ ಮೋಟರು ಒಂದೇ ವರ್ಷದಲ್ಲಿ ಎರಡು ಬಾರಿ ದುರಸ್ತಿಯಾಗಿರುವುದು ಲೆಕ್ಕದಲ್ಲಿತ್ತು. ಅದನ್ನೇಕೆ ಕೇಳಲಿಲ್ಲ ಎಂದೆ. ಆತ ನಕ್ಕು, ‘ಅದು ಸರ್ಕಾರದ ರೊಕ್ಕರಿ ಸಾಹೇಬ್ರ. ಇದು ನಮ್ಮ ರೊಕ್ಕ’ ಎಂದ.

ಗ್ರಾಮ ಸ್ವರಾಜ್ಯದ ಕುರಿತು ಸರ್ಕಾರಿ ಸೇವೆಯಲ್ಲಿದ್ದಾಗ ನಾನು ಓದಿದ, ಬರೆದ ವರದಿಗಳಿಗೆ ಲೆಕ್ಕವಿಲ್ಲ. ಆದರೆ ಸಮಸ್ಯೆಯ ಬೇರನ್ನು ಇಷ್ಟು ಚಿಕ್ಕದಾಗಿ ಹೇಳಿದ ವಾಕ್ಯ ಯಾವುದರಲ್ಲೂ ಇದ್ದ ನೆನಪಿಲ್ಲ. ಹಳ್ಳಿಯ ಜನಕ್ಕೆ ಲೆಕ್ಕ ಕೇಳಲು ಬರುವುದಿಲ್ಲ, ಸಾರ್ವಜನಿಕ ವಿಷಯದಲ್ಲಿ ಆಸಕ್ತಿಯಿಲ್ಲ ಎಂಬ ದೂರು ಸುಳ್ಳು. ಅವರಿಗೆ ಲೆಕ್ಕ ಕೇಳಲು ಚೆನ್ನಾಗಿ ಬರುತ್ತದೆ. ಪಂಚಾಯಿತಿಯ ಹಣ ತಮ್ಮದೆಂದು ಅನ್ನಿಸದೆ ಇರುವುದರಿಂದ ಕೇಳುವುದಿಲ್ಲ, ಅಷ್ಟೆ.

ಹೀಗೇಕೆ ಅನ್ನಿಸುವುದಿಲ್ಲ ಎಂಬುದಕ್ಕೆ ಒಂದಿಷ್ಟು ಇತಿಹಾಸವೂ ಉಂಟು. 1956ರಲ್ಲಿ ವಿಶಾಲ ಮೈಸೂರು ರಾಜ್ಯಕ್ಕೆ ಸೇರುವ ತನಕ ರಾಯಚೂರು ಜಿಲ್ಲೆ ಹೈದರಾಬಾದಿನ ಭಾಗ. ಊರಿನಲ್ಲಿ ಮಾಲೀಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿಯವರ ಆಡಳಿತ. ದಫ್ತರ ಕುಲಕರ್ಣಿಯ ಮನೆಯಲ್ಲಿರುತ್ತಿತ್ತು. ಅದರ ಲೆಕ್ಕ ಮೇಲಿನ ಕಚೇರಿಗೆ ಹೋಗುತ್ತಿತ್ತೇ ಹೊರತು ಊರಿನ ಮುಂದೆ ಬರುತ್ತಿರಲಿಲ್ಲ. ನಜೀರ್ ಸಾಬರ ಕಾಲದ 1983ರ ಕಾಯ್ದೆ, ಅದರಂತೆ 1987ರಲ್ಲಿ ನಡೆದ ಮಂಡಲ ಪಂಚಾಯಿತಿ ಚುನಾವಣೆ, ಆಮೇಲೆ ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಿಗೇ ಬಂದ 1993ರ ಪಂಚಾಯತ್ ರಾಜ್ ಕಾಯ್ದೆ ಇವೆಲ್ಲ ಆ ದಫ್ತರವನ್ನು ಊರಿನ ನಡುವೆ ತಂದಿಟ್ಟವು. ಸರಿಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಮತದಾರನ ಓಣಿಯಲ್ಲೇ ವಾಸಿಸುವ ಪ್ರತಿನಿಧಿ. ಇದಕ್ಕಿಂತ ಹತ್ತಿರದ ಸರ್ಕಾರವನ್ನು ಕಲ್ಪಿಸಿಕೊಳ್ಳುವುದೂ ಕಷ್ಟ.

ಸರ್ಕಾರವೇನೋ ಹತ್ತಿರ ಬಂತು, ಹಣ ಮಾತ್ರ ದೂರದಿಂದಲೇ ಬರುತ್ತಿದೆ. ಬರುವ ಹಣದ ಮೇಲೆ ಇಂಥದಕ್ಕೇ ಖರ್ಚಾಗಬೇಕು ಎಂಬ ಮುದ್ರೆ ಮೊದಲೇ ಬಿದ್ದಿರುತ್ತದೆ. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಉದ್ದೇಶ ಒಳ್ಳೆಯದೇ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವ ಅಧಿಕಾರ ಊರಿನ ಕೈಯಲ್ಲಿ ಇಲ್ಲದಿದ್ದರೆ ಸಭೆ ಸೇರಿ ಚರ್ಚಿಸುವುದಾದರೂ ಏನನ್ನು? ಉಳಿಯುವುದು ಫಲಾನುಭವಿಗಳ ಆಯ್ಕೆಯೊಂದೇ. ಹಾಗಾಗಿ ಗ್ರಾಮಸಭೆ ಎಂಬುದು ಕೇಳುವವರ ಸಾಲಾಯಿತು, ಒಡೆಯರ ಸಭೆಯಾಗಲಿಲ್ಲ.

ಪಂಚಾಯಿತಿಗೆ ಸ್ವಂತದ್ದೆಂದು ಇರುವ ಮುಖ್ಯ ಆದಾಯ ಮನೆ ತೆರಿಗೆ. ನಮ್ಮ ಉತ್ತರದ ಜಿಲ್ಲೆಗಳ ಆಡುಮಾತಿನಲ್ಲಿ ಅದಕ್ಕೆ ಮನೆಪಟ್ಟಿ ಎನ್ನುತ್ತಾರೆ. ಜಾತ್ರೆಗೆ ಎತ್ತುವ ವಂತಿಗೆಗೂ ಪಟ್ಟಿಯೆಂದೇ ಹೆಸರು. ಒಂದು ಪಟ್ಟಿ ಕೊಡದವನು ಊರಿನಲ್ಲಿ ತಲೆತಗ್ಗಿಸಿ ನಡೆಯುತ್ತಾನೆ. ಇನ್ನೊಂದು ಪಟ್ಟಿ ಕೊಡದವನನ್ನು ಯಾರೂ ಕೇಳುವುದಿಲ್ಲ. ಮತ ತಪ್ಪೀತೆಂದು ಸದಸ್ಯರು ವಸೂಲಿಗೆ ಹಿಂಜರಿಯುತ್ತಾರೆ, ಕೆಲಸವಾಗುವುದಿಲ್ಲವೆಂದು ಜನ ಕೊಡಲು ಹಿಂಜರಿಯುತ್ತಾರೆ. ಕೊಡದೆ ಇದ್ದುದರಿಂದ ಕೆಲಸವಾಗುವುದಿಲ್ಲ. ಕೊಟ್ಟಿಲ್ಲವಾದ್ದರಿಂದ ಕೇಳುವ ನೈತಿಕ ಬಲವೂ ಇಲ್ಲ. ತೆರಿಗೆಗೂ ಉತ್ತರದಾಯಿತ್ವಕ್ಕೂ ನಂಟಿದೆ ಎಂದು ನಮಗೆ ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿಸುತ್ತಿದ್ದರು. ಅದರ ಉದಾಹರಣೆಗೆ ಈ ಎರಡು ಪಟ್ಟಿಗಳು ಸಾಕು.

ಈ ಮಾತಿಗೆ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಲ್ಲಿ ಮೂರು ಬಗೆಯ ಮಹತ್ವವಿದೆ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ಇಲ್ಲಿನ ಎಷ್ಟೋ ಹಳ್ಳಿಗಳು ಕಾಲುವೆ ಹರಿಯುವಾಗ ಕೆರೆ ತುಂಬಿಸಿಕೊಂಡು, ಕಾಲುವೆ ನಿಂತ ಬೇಸಿಗೆಯಲ್ಲಿ ಅದನ್ನೇ ಕುಡಿಯುತ್ತವೆ. ಕಾಲುವೆಗೆ ನೀರು ಬಿಡುವ ತೀರ್ಮಾನ ಪಂಚಾಯಿತಿಯದಲ್ಲ, ಅದು ನೀರಾವರಿ ಸಲಹಾ ಸಮಿತಿಯಲ್ಲಿ ಆಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಈ ಊರುಗಳ ಬೆಳೆಯಷ್ಟೇ ಅಲ್ಲ, ಬಿಂದಿಗೆಯೂ ಆತಂಕಕ್ಕೆ ಸಿಕ್ಕಿತ್ತು. ಆದರೆ ಬಂದ ನೀರನ್ನು ಹಿಡಿದಿಡುವ ಕೆರೆಯ ಏರಿ, ಶೋಧಕ, ಮೋಟರು, ನೀರುಗಂಟಿಯ ಸಂಬಳ ಇವೆಲ್ಲ ಪಂಚಾಯಿತಿಯ ಜವಾಬ್ದಾರಿ. ಅದೇ ಮೋಟರಿನ ಲೆಕ್ಕವನ್ನು ಆ ದಿನ ಯಾರೂ ಕೇಳಲಿಲ್ಲ.

ಮಸ್ಕಿಯದು ಇನ್ನೊಂದು ಕಥೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರು ಸುತ್ತಿನ ರೈತರು 2020ರಲ್ಲಿ ದೀರ್ಘ ಧರಣಿ ಹೂಡಿದರು. ಆ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯನ್ನು ಬಹಿಷ್ಕರಿಸುವ ಹಾದಿಯನ್ನೂ ಹಿಡಿದರು. ಕಾಲುವೆ ಕೊಡುವ ಅಧಿಕಾರ ಪಂಚಾಯಿತಿಗಿಲ್ಲ ಎಂದು ಗೊತ್ತಿದ್ದೂ ಅದರ ಮೇಲೇ ಬಹಿಷ್ಕಾರ ಹೂಡಿದ್ದು ಗಮನಿಸತಕ್ಕದ್ದು. ರೈತನ ಕೈಗೆ ಎಟುಕುವ ಸರ್ಕಾರ ಅದೊಂದೇ. ಅದನ್ನು ಬಿಟ್ಟುಕೊಟ್ಟರೆ ತನಗೇನೂ ನಷ್ಟವಿಲ್ಲವೆಂದು ಅವನಿಗೆ ಅನ್ನಿಸಿದ್ದರೆ, ಆ ಭಾವನೆಯೇ ನಾವು ಚಿಂತಿಸಬೇಕಾದ ಸಂಗತಿ.

ಹಟ್ಟಿ ಚಿನ್ನದ ಗಣಿ ಇರುವ ಲಿಂಗಸುಗೂರು ತಾಲ್ಲೂಕಿನ ಒಣಭೂಮಿಯ ಊರುಗಳಿಂದ, ತಾಂಡಾಗಳಿಂದ ಪ್ರತಿವರ್ಷ ಜನ ಬೆಂಗಳೂರಿನಂಥ ನಗರಗಳಿಗೆ ಗುಳೆ ಹೋಗುತ್ತಾರೆ. ಬಾಗಿಲಿಗೆ ಬೀಗ ಬಿದ್ದ ಓಣಿಯಲ್ಲಿ ವಾರ್ಡ್ ಸಭೆ ನಡೆಸಿದರೆ ಬರುವವರು ಮುದುಕರು, ಮಕ್ಕಳು. ದುಡಿಯುವ ಕೈಗಳಿಗೆ ಬೇಕಾದ್ದೇನೆಂದು ಹೇಳಬೇಕಾದವರು ಯಾವುದೋ ಕಟ್ಟಡದ ಸಾರುವೆಯ ಮೇಲಿರುತ್ತಾರೆ.

ಇಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನ ವ್ಯವಸ್ಥೆಯೊಂದನ್ನು ನೆನೆಯುವುದು ಅಪ್ರಸ್ತುತವಾಗಲಾರದು. ಪ್ಯಾರಿಷ್ ಎಂದರೆ ಮೂಲತಃ ಒಂದು ಚರ್ಚಿನ ವ್ಯಾಪ್ತಿಯ ಊರು. 1894ರ ಕಾಯ್ದೆ ಅಲ್ಲಿನ ಲೌಕಿಕ ವ್ಯವಹಾರಗಳನ್ನು ಚರ್ಚಿನಿಂದ ಬಿಡಿಸಿ ಚುನಾಯಿತ ಪ್ಯಾರಿಷ್ ಮಂಡಳಿಗೆ ಕೊಟ್ಟಿತು. ಕೆಲವೇ ನೂರು ಜನರಿರುವ ಊರಿಗೂ ಮಂಡಳಿ ಇರುವುದುಂಟು. ಅದರ ಕೆಲಸಗಳು ಸಣ್ಣವು: ಆಟದ ಬಯಲು, ಸ್ಮಶಾನ, ಕಾಲುದಾರಿ, ಬೀದಿದೀಪ. ಆದರೆ ಮಂಡಳಿ ತನಗೆ ಬೇಕಾದ ಮೊತ್ತವನ್ನು ತಾನೇ ನಿಗದಿ ಮಾಡುತ್ತದೆ. ಅದು ಪ್ರತಿ ಮನೆಯ ತೆರಿಗೆ ಬಿಲ್ಲಿನಲ್ಲಿ ಬೇರೆಯೇ ಸಾಲಾಗಿ ಮುದ್ರಿತವಾಗಿರುತ್ತದೆ. ವರ್ಷಕ್ಕೊಮ್ಮೆ ಊರಿನ ಮತದಾರರ ಸಭೆ ಸೇರುತ್ತದೆ. ಲೆಕ್ಕದ ಪುಸ್ತಕಗಳನ್ನು ನೋಡುವ ಹಕ್ಕು ಯಾವುದೇ ಮತದಾರನಿಗೆ ಇದೆ. ಅಲ್ಲೂ ಎಲ್ಲವೂ ಚೆನ್ನಾಗಿಲ್ಲ. ಸಭೆಗಳು ಬಣಗುಡುವುದುಂಟು, ಎಷ್ಟೋ ಸ್ಥಾನಗಳಿಗೆ ಸ್ಪರ್ಧಿಸುವವರೇ ಇರುವುದಿಲ್ಲ. ಆದರೂ ಬಿಲ್ಲಿನ ಆ ಒಂದು ಸಾಲು ಪ್ರತಿ ಮನೆಗೂ ಹೇಳುತ್ತದೆ: ಇದು ನಿನ್ನ ಹಣ, ಇಷ್ಟು ನಿನ್ನ ಊರಿಗೆ.

ಹಾಗೆಂದು ಜಾತ್ರೆಯ ಕಟ್ಟೆಯನ್ನು ಆದರ್ಶವೆಂದು ಕೊಂಡಾಡುವುದೂ ಸಲ್ಲದು. ಅಂದು ಲೆಕ್ಕ ಓದುವಾಗ ಆ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ದಲಿತರ ಓಣಿಯವರು ದೂರದಲ್ಲಿ ನಿಂತು ಕೇಳುತ್ತಿದ್ದರು. ಇನ್ನೊಂದು ಮಾತೂ ಇದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಮೇಲೆ ಆಂಧ್ರದ ಕರಾವಳಿಯಿಂದ ಬಂದ ರೈತರು ಇಲ್ಲಿ ಕ್ಯಾಂಪುಗಳನ್ನು ಕಟ್ಟಿಕೊಂಡರು. ಆಮೇಲೆ ಪೂರ್ವ ಬಂಗಾಳದ ನಿರಾಶ್ರಿತರಿಗೂ ಸಿಂಧನೂರಿನ ಬಳಿ ಪುನರ್ವಸತಿ ಕ್ಯಾಂಪುಗಳಾದವು. ಮೂಲ ಊರು, ಕ್ಯಾಂಪು, ತಾಂಡಾ ಒಂದೇ ಪಂಚಾಯಿತಿಯಲ್ಲಿರುವುದು ಇಲ್ಲಿ ಅಪರೂಪವಲ್ಲ. ಅವರವರ ದೇವರು ಬೇರೆ, ಜಾತ್ರೆ ಬೇರೆ, ಮನೆಮಾತೂ ಬೇರೆ. ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಮುದಗಲ್ಲಿನ ಮೊಹರಂನಂಥ ಹಬ್ಬ ಎಲ್ಲ ಊರಿಗೂ ಸಿಗುವುದಿಲ್ಲ. ಇವರೆಲ್ಲ ಸಮಾನರಾಗಿ ಕುಳಿತು ಒಂದೇ ಲೆಕ್ಕ ಕೇಳಬಹುದಾದ ಜಾಗ ಗ್ರಾಮಸಭೆ ಒಂದೇ. ಸ್ಥಾನಗಳಲ್ಲಿ ಅರ್ಧವನ್ನು ಮಹಿಳೆಯರಿಗೆ ಕೊಟ್ಟ, ಪರಿಶಿಷ್ಟರಿಗೆ ಮೀಸಲಾತಿ ಕೊಟ್ಟ ಸಂಸ್ಥೆ ಅದು. ಕಟ್ಟೆಗೆ ಆ ಗುಣವಿಲ್ಲ.

ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಪತ್ತೆಯಾದ ಶಾಸನವನ್ನು ನಾವು ಅಶೋಕನ ಹೆಸರು ಅದರಲ್ಲಿ ಸಿಕ್ಕಿತೆಂಬ ಕಾರಣಕ್ಕೆ ನೆನೆಯುತ್ತೇವೆ. ಅದರೊಳಗಿನ ಮಾತೂ ಗಮನಾರ್ಹ. ಉನ್ನತಿ ದೊಡ್ಡವರಿಗೆ ಮಾತ್ರ ಸಾಧ್ಯವೆಂದು ಭಾವಿಸಬಾರದು, ಈ ವಿಷಯವನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅದರ ಆಶಯ. ಆಳುವವನು ಎಲ್ಲರಿಗೂ ತಿಳಿಯಹೇಳಬೇಕು ಎಂಬ ತತ್ವ ಈ ನೆಲಕ್ಕೆ ಹೊಸದಲ್ಲ.

ಹಾಗಾದರೆ ಮಾಡಬೇಕಾದ್ದೇನು? ಹೊಸ ಕಾಯ್ದೆ ಬೇಕಿಲ್ಲ. ವರ್ಷಕ್ಕೊಮ್ಮೆ ಜಮಾಬಂದಿ ನಡೆಸಿ ಲೆಕ್ಕ ಮತ್ತು ಕಾಮಗಾರಿಗಳನ್ನು ಜನರ ಮುಂದಿಡಬೇಕೆಂಬ ನಿಯಮ ಈಗಾಗಲೇ ಇದೆ. ಅದನ್ನು ಕಚೇರಿಯ ಕೋಣೆಯಿಂದ ಹೊರತಂದು, ಯಾವ ಓಣಿಯವರೂ ಸಂಕೋಚವಿಲ್ಲದೆ ಬರಬಹುದಾದ ಶಾಲೆಯ ಅಂಗಳದಲ್ಲಿ, ರಸೀದಿಗಳ ಸಮೇತ, ನಿಧಾನವಾಗಿ ಓದಿ ಹೇಳಬೇಕು. ಎರಡನೆಯದು, ಗುಳೆ ಹೋದವರು ಊರಿಗೆ ಮರಳುವ ದಿನಗಳಿವೆ: ಯುಗಾದಿ, ಮೊಹರಂ, ಊರ ಜಾತ್ರೆ. ವಿಶೇಷ ಗ್ರಾಮಸಭೆಯೊಂದನ್ನು ಆ ದಿನಗಳ ಆಸುಪಾಸಿನಲ್ಲಿ ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಮೂರನೆಯದು, ಮನೆಪಟ್ಟಿಯ ಬೇಡಿಕೆ ಚೀಟಿಯ ಹಿಂಬದಿಯಲ್ಲಿ, ಕಳೆದ ವರ್ಷ ಆ ವಾರ್ಡಿನಲ್ಲಿ ಎಷ್ಟು ವಸೂಲಾಯಿತು, ಅದರಿಂದ ಏನಾಯಿತು ಎಂದು ನಾಲ್ಕು ಸಾಲು ಅಚ್ಚಾಗಲಿ. ಹಾಗೆ ವಸೂಲಾದ ಹಣದ ಒಂದು ಪಾಲು ಆ ವಾರ್ಡ್ ಸಭೆ ಹೇಳಿದ ಕೆಲಸಕ್ಕೇ ಹೋಗಲಿ.

ಮೇಲಿನವರು ಮಾಡಬೇಕಾದ್ದೂ ಇದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ, ಅಧಿಕಾರಿಗಳೇ ಆಡಳಿತ ನಡೆಸಿದರು. ನಾನೂ ಅಧಿಕಾರಿಯಾಗಿದ್ದವನು. ಆಡಳಿತಾಧಿಕಾರಿಯ ಕೈಯಲ್ಲಿ ಕಡತ ಬೇಗ ಸಾಗುತ್ತದೆಂಬುದನ್ನು ಬಲ್ಲೆ. ಆದರೆ ಅವನಿಗೆ ಯಾರೂ ಡೀಸೆಲ್ಲಿನ ಲೆಕ್ಕ ಕೇಳುವುದಿಲ್ಲ ಎಂಬುದನ್ನೂ ಬಲ್ಲೆ. ಚುನಾವಣೆಯನ್ನು ಹೊತ್ತಿಗೆ ಸರಿಯಾಗಿ ನಡೆಸದ ಸರ್ಕಾರ, ತೆರಿಗೆಯನ್ನು ಹೊತ್ತಿಗೆ ಸರಿಯಾಗಿ ಕೊಡು ಎಂದು ಹಳ್ಳಿಯವನಿಗೆ ಹೇಳುವುದು ಹೇಗೆ?

ಆ ಯುವಕನಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಕೊಡಬಹುದಾಗಿದ್ದ ಉತ್ತರ ಇಷ್ಟೇ: ಮೋಟರು ಕೆಟ್ಟಾಗ ನೀರಿಲ್ಲದೆ ಬಿಂದಿಗೆ ಹಿಡಿದು ನಿಲ್ಲುವವರು ನಿನ್ನ ತಾಯಿ, ನಿನ್ನ ತಂಗಿ. ಸರ್ಕಾರ ಬಂದು ನಿಲ್ಲುವುದಿಲ್ಲ. ಹಾಗಿರುವಾಗ ಆ ರೊಕ್ಕ ಬೇರೆಯವರದು ಹೇಗಾದೀತು?