ಕರೆಂಟು ಓದುವವರಿಗೆ ಕಾಡಿನ ಪಾಠವೇಕೆ?

ಶ್ರೀಧರಾಶ್ರಮದ ವರದಹಳ್ಳಿ ನಾಡಿಗೆಲ್ಲ ಗೊತ್ತು. ಅದರ ಸುತ್ತಲಿನ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗೆ ಇನ್ನೊಂದು ಗುರುತೂ ಇದೆ: ಶರಾವತಿ, ಚಕ್ರಾ, ವಾರಾಹಿಯ ನೀರು ಕರೆಂಟಾಗಿ ರಾಜ್ಯಕ್ಕೆ ಹೋಗುವುದು ಈ ಘಟ್ಟಗಳಿಂದಲೇ. ಆದರೂ ಇಲ್ಲಿನ ಹುಡುಗ ಹುಡುಗಿಯರು ಪದವಿಯ ನಂತರ ನವೀಕರಿಸಬಹುದಾದ ಇಂಧನ ಅಥವಾ ಇಕಾಲಜಿಕಲ್ ಎಂಜಿನಿಯರಿಂಗ್ ಓದುತ್ತೇವೆಂದರೆ ಮನೆಯಲ್ಲಿ ಅನುಮಾನ ಏಳುತ್ತದೆ. ಆ ಅನುಮಾನಗಳಲ್ಲಿ ಹೆಚ್ಚಿನವು ತಪ್ಪು ತಿಳಿವಳಿಕೆಯಿಂದ ಹುಟ್ಟಿದವು.

ತಪ್ಪು ಕಲ್ಪನೆ 1: ಇದು ಗಿಡ ನೆಡುವ ಓದು, ಲೆಕ್ಕ ಬೇಕಿಲ್ಲ.

ಸತ್ಯ: ಇಕಾಲಜಿಕಲ್ ಎಂಜಿನಿಯರಿಂಗ್ ಎಂದರೆ ನಿಸರ್ಗದ ಕೆಲಸವನ್ನೇ ಆಧಾರವಾಗಿಟ್ಟುಕೊಂಡು ವ್ಯವಸ್ಥೆ ಕಟ್ಟುವುದು. ಅಮೆರಿಕದ ಪರಿಸರ ವಿಜ್ಞಾನಿ ಹೊವರ್ಡ್ ಓಡಮ್ 1960ರ ದಶಕದಲ್ಲಿ ಇದಕ್ಕೆ ಈ ಹೆಸರು ಕೊಟ್ಟರು. ಉದಾಹರಣೆಗೆ, ಕೋಲ್ಕತ್ತದ ಪೂರ್ವದ ಜೌಗುಭೂಮಿ ನಗರದ ಕೊಳಚೆಯನ್ನು ಶುದ್ಧಗೊಳಿಸುತ್ತಲೇ ಮೀನು ಬೆಳೆಸುತ್ತದೆ. ಅಂಥದ್ದನ್ನು ರೂಪಿಸಬೇಕಾದರೆ ನೀರಿನ ಹರಿವು, ಸೂಕ್ಷ್ಮಜೀವಿಗಳ ಕ್ರಿಯೆ, ಶಾಖದ ನಿಯಮ ಎಲ್ಲದರ ಲೆಕ್ಕವೂ ಬರಬೇಕು.

ತಪ್ಪು ಕಲ್ಪನೆ 2: ಎಲೆಕ್ಟ್ರಿಕಲ್ ಓದಿದವರಿಗೆ ಮಾತ್ರ.

ಸತ್ಯ: ಸಿವಿಲ್, ಮೆಕ್ಯಾನಿಕಲ್, ಕೆಮಿಕಲ್ ಓದಿದವರಿಗೂ ಹಲವೆಡೆ ಪ್ರವೇಶವಿದೆ. ಬಿ.ಎಸ್ಸಿ. ಮಾಡಿದವರಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೇ ಪರಿಸರ ವಿಜ್ಞಾನದ ಸ್ನಾತಕೋತ್ತರ ವಿಭಾಗವಿದೆ.

ತಪ್ಪು ಕಲ್ಪನೆ 3: ನೀರು ಮುಗಿಯುವುದಿಲ್ಲ, ಹಾಗಾಗಿ ಜಲವಿದ್ಯುತ್ತಿನಿಂದ ಹಾನಿಯಿಲ್ಲ.

ಸತ್ಯ: 'ನವೀಕರಿಸಬಹುದಾದ' ಎಂಬುದು ಇಂಧನದ ಮೂಲದ ಬಗ್ಗೆ ಹೇಳುತ್ತದೆ, ಅದಕ್ಕೆ ತೆತ್ತ ಬೆಲೆಯ ಬಗ್ಗೆ ಹೇಳುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಅಣೆಕಟ್ಟಿನ ಮಟ್ಟ 1,819 ಅಡಿ ಮುಟ್ಟುವುದನ್ನು ಮಳೆಗಾಲದಲ್ಲಿ ರಾಜ್ಯವೇ ಕಾಯುತ್ತದೆ. ಅದೇ ನೀರಿನಡಿ ಊರು, ತೋಟ, ಗದ್ದೆ, ಕಾಡು ಮುಳುಗಿವೆ. ಮುಳುಗಡೆ ಸಂತ್ರಸ್ತರ ಭೂಮಿಯ ಹಕ್ಕಿನ ಹೋರಾಟ ಮುಂದಿನ ತಲೆಮಾರಿಗೂ ದಾಟಿತು. ಮುಳುಗಿದ ಗಿಡಮರ ಕೊಳೆತಾಗ ಮೀಥೇನ್ ಕೂಡ ಹುಟ್ಟುತ್ತದೆ. ಒಳ್ಳೆಯ ಎಂಜಿನಿಯರ್ ಮೆಗಾವಾಟಿನ ಜೊತೆಗೆ ಇದನ್ನೂ ಎಣಿಸಬೇಕು.

ತಪ್ಪು ಕಲ್ಪನೆ 4: ಪಂಪ್ಡ್ ಸ್ಟೋರೇಜ್ ಬಂದರೆ ಹೊಸ ಕರೆಂಟು ಹುಟ್ಟುತ್ತದೆ.

ಸತ್ಯ: ಹುಟ್ಟುವುದಿಲ್ಲ, ಇದ್ದದ್ದನ್ನು ಕೂಡಿಡುತ್ತದೆ. ಶರಾವತಿಗೆ ಯೋಜಿಸಿರುವ 2,000 ಮೆಗಾವಾಟ್ ಘಟಕದಲ್ಲಿ, ಕರೆಂಟು ಹೆಚ್ಚಿರುವಾಗ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಬೇಡಿಕೆ ಏರಿದಾಗ ಕೆಳಗಿಳಿಸುತ್ತಾರೆ. ಇಂಥ ಘಟಕಗಳಲ್ಲಿ ನೀರೆತ್ತಲು 100 ಯೂನಿಟ್ ಖರ್ಚಾದರೆ ಮರಳಿ ಸಿಗುವುದು ಸುಮಾರು 75ರಿಂದ 80. ಸೂರ್ಯ, ಗಾಳಿಯನ್ನು ನಂಬಿದ ವ್ಯವಸ್ಥೆಗೆ ಸಂಗ್ರಹ ಬೇಕು, ನಿಜ. ಆದರೆ ಈ ಜಾಗ ಸಿಂಗಳೀಕಗಳ ಅಭಯಾರಣ್ಯ. ಸಂಗ್ರಹವನ್ನು ಎಲ್ಲಿ, ಯಾವ ಬಗೆಯಲ್ಲಿ, ಎಷ್ಟು ಎಂದು ಹೋಲಿಸಿ ನೋಡುವುದು ಇಂಧನ, ಪರಿಸರ ಎರಡನ್ನೂ ಓದಿದವರ ಕೆಲಸ.

ತಪ್ಪು ಕಲ್ಪನೆ 5: ಮಲೆನಾಡಿನ ಮಳೆಯಲ್ಲಿ ಸೋಲಾರ್ ದಂಡ.

ಸತ್ಯ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉತ್ಪಾದನೆ ಇಳಿಯುತ್ತದೆ, ಆದರೆ ಮೋಡದ ಬೆಳಕಿನಲ್ಲೂ ಫಲಕಗಳು ಸ್ವಲ್ಪ ಕೆಲಸ ಮಾಡುತ್ತವೆ. ಉಳಿದ ತಿಂಗಳುಗಳ ಬಿಸಿಲು ಚೆನ್ನಾಗಿಯೇ ಇರುತ್ತದೆ. ಸೋಲಾರ್ ಇಳಿಯುವ ಆ ಮಳೆಗಾಲದಲ್ಲೇ ರಾಜ್ಯದ ಗಾಳಿಯಂತ್ರಗಳು ಹೆಚ್ಚು ತಿರುಗುತ್ತವೆ. ಮಲೆನಾಡಿನ ಕೊಟ್ಟಿಗೆಗಳ ಗೋಬರ್ ಗ್ಯಾಸ್ ಕೂಡ ನವೀಕರಿಸಬಹುದಾದ ಇಂಧನದ್ದೇ ಪಾಠ: ಸುಮಾರು 25 ಕಿಲೋ ಸಗಣಿಯಿಂದ ಒಂದು ಘನಮೀಟರ್ ಅನಿಲ, ಉಳಿದ ಸ್ಲರಿ ಅಡಿಕೆ ತೋಟಕ್ಕೆ ಗೊಬ್ಬರ.

ತಪ್ಪು ಕಲ್ಪನೆ 6: ಇದನ್ನು ಕಲಿಯಲು ವಿದೇಶಕ್ಕೇ ಹೋಗಬೇಕು.

ಸತ್ಯ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ಒದಗಿಸುವ 'ಅಸ್ತ್ರ' ಕೇಂದ್ರ ಆರಂಭಿಸಿದರು. ಹಳ್ಳಿಮನೆಗಳ ಹೊಗೆ ತಗ್ಗಿಸಿದ ಅಸ್ತ್ರ ಒಲೆ ಅಲ್ಲಿಂದ ಬಂತು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಅಸ್ತ್ರದ ಸಮುದಾಯ ಗೋಬರ್ ಗ್ಯಾಸ್ ದೀಪ ಹೊತ್ತಿಸಿ ನಲ್ಲಿಗೆ ನೀರೆತ್ತಿತು. ಆ ಅಸ್ತ್ರವೇ ಇಂದು ಸುಸ್ಥಿರ ತಂತ್ರಜ್ಞಾನ ಕೇಂದ್ರವಾಗಿದೆ. ಮುಂಬಯಿ ಐಐಟಿ, ದೆಹಲಿಯ ಟೆರಿ ಸಂಸ್ಥೆಗಳಲ್ಲೂ ಇಂಧನ ವಿಷಯದ ಎಂ.ಟೆಕ್. ಇದೆ.

ಕೋರ್ಸ್ ಆರಿಸುವ ಮುನ್ನ ಪಠ್ಯಕ್ರಮ ತರಿಸಿ ಓದಿ. ಯಂತ್ರದ ಜೊತೆಗೆ ನದಿ, ಮಣ್ಣು, ಜನರ ಬದುಕಿನ ಪಾಠವೂ ಅದರಲ್ಲಿದೆಯೇ, ಕ್ಷೇತ್ರಕಾರ್ಯ ಎಷ್ಟಿದೆ ಎಂದು ನೋಡಿ. ಯೋಜನೆಗಳಿಗೆ ನೆಲ ಕೊಟ್ಟ ಊರಿನ ಮಕ್ಕಳು ಈ ವಿದ್ಯೆ ಕಲಿತರೆ, ಮುಂದಿನ ಯೋಜನೆಯ ವರದಿ ಬರೆಯುವವರ ಸಾಲಿನಲ್ಲೂ ಅವರಿರುತ್ತಾರೆ.