ಹಾಸ್ಟೆಲ್ ನೀರು ತಗೊಳ್ಳೋ ಮೊದಲು ಜಾಲರಿ ನೋಡಿ

ಎರಡು ಬೇಸಿಗೆ ಹಿಂದೆ ನಮ್ಮ ಬೋರ್‌ವೆಲ್ ಕೈಕೊಟ್ಟಿತು. ಪಕ್ಕದ ವಸತಿ ಕಾಲೇಜಿನವರು ತಮ್ಮ ಎಸ್‌ಟಿಪಿಯಲ್ಲಿ ಶುದ್ಧೀಕರಿಸಿದ ನೀರು ಕೊಡ್ತೀವಿ ಅಂದರು. ಪೈಪ್ ಎಳೆದು ಬಾಳೆಗೆ ಬಿಟ್ಟೆ. ಮೂರನೇ ವಾರಕ್ಕೆ ಅರ್ಧ ತೋಟದ ಡ್ರಿಪ್ಪರ್‌ಗಳು ಬಂದ್! ಫಿಲ್ಟರ್ ಬಿಚ್ಚಿದರೆ ಕೂದಲು, ಜಿಡ್ಡು, ಶಾಂಪೂ ಸ್ಯಾಶೆ ಚೂರು.

ಡ್ರಿಪ್‌ಗೆ ಹಾಕೋ 120 ಮೆಶ್ ಫಿಲ್ಟರ್ ಸುಮಾರು 130 ಮೈಕ್ರಾನ್‌ವರೆಗೆ ಸೋಸುತ್ತೆ. ಆದರೆ ಹಾಸ್ಟೆಲ್ ಕಸ ತಡೆಯೋದು ಅದರ ಕೆಲಸ ಅಲ್ಲ. ಆ ಕೆಲಸ ಚರಂಡಿ ನೀರು ಎಸ್‌ಟಿಪಿಗೆ ಬೀಳೋ ಜಾಗದ ಕಬ್ಬಿಣದ ಸರಳಿನ ಜಾಲರಿಯದು. ಹೋಗಿ ನೋಡಿದೆ. ಪದೇ ಪದೇ ಕಟ್ಟಿಕೊಳ್ಳುತ್ತೆ ಅಂತ ಯಾರೋ ಜಾಲರಿಯನ್ನೇ ಎತ್ತಿ ಗೋಡೆಗೆ ಒರಗಿಸಿದ್ದರು! ಕೂದಲು ಹಗ್ಗದ ಹಾಗೆ ಹೆಣೆದುಕೊಂಡು ಪಂಪ್‌ಗೆ ಸುತ್ತಿತ್ತು. ಪಂಪ್ ನಿಂತರೆ ಮುಂದಿನ ಶುದ್ಧೀಕರಣವೂ ಅರ್ಧಂಬರ್ಧ.

ನೀವೂ ಇಂಥ ನೀರು ತಗೊಳ್ಳೋದಾದರೆ ಬೆಳಿಗ್ಗೆ 8 ಗಂಟೆಗೆ ಹೋಗಿ. ಸ್ನಾನ, ತಿಂಡಿ, ಪಾತ್ರೆ ಎಲ್ಲಾ ಒಟ್ಟಿಗೆ ನಡೆಯೋ ಹೊತ್ತು ಅದು. ಮಧ್ಯಾಹ್ನ ಎಲ್ಲ ಜಾಲರಿಯೂ ಚೆನ್ನಾಗೇ ಕಾಣುತ್ತೆ. ಸರಳುಗಳ ನಡುವೆ 20ರಿಂದ 25 ಮಿ.ಮೀ. ಸಂದಿಯ ಓರೆ ಜಾಲರಿ, ಅದರಾಚೆ 6ರಿಂದ 10 ಮಿ.ಮೀ. ಸಂದಿಯದು ಇನ್ನೊಂದು ಇದ್ದರೆ ಒಳ್ಳೆಯದು. ಜಾಲರಿಯ ಹಿಂದೆ ನೀರು ಏರಿ ನಿಂತಿದ್ದರೆ ಕೆರೆದಿಲ್ಲ ಅಂತಲೇ ಅರ್ಥ. ಅಡುಗೆಮನೆ ಪೈಪ್‌ಗೆ ಜಿಡ್ಡು ಹಿಡಿಯೋ ಚೇಂಬರ್ ಬೇರೆ ಇರಲೇಬೇಕು. ಎಣ್ಣೆಗೆ ಸರಳು ಲೆಕ್ಕಕ್ಕಿಲ್ಲ.

ಕೆರೆದ ಕಸವನ್ನು ತೂತಿನ ತಟ್ಟೆಯಲ್ಲಿ ಬಸಿಯಲು ಬಿಟ್ಟು, ಬಸಿದ ನೀರು ಚೇಂಬರ್‌ಗೇ ವಾಪಸ್ ಹೋಗುವ ಹಾಗೆ ಮಾಡಬೇಕು. ಅದನ್ನು ನಮ್ಮ ಗೊಬ್ಬರದ ಗುಂಡಿಗೆ ಕೇಳೋರೂ ಇದ್ದಾರೆ. ಬೇಡ್ರಪ್ಪಾ. ಪ್ಯಾಡ್, ಪ್ಲಾಸ್ಟಿಕ್, ರೋಗಾಣು ಎಲ್ಲಾ ಇರುತ್ತೆ, ಸಾವಯವ ಅಂತ ಹೇಳಿಕೊಳ್ಳೋ ನಮಗೆ ಅದು ಸಲ್ಲ. ಕೆರೆಯೋರು ಮೇಲೆ ನಿಂತೇ ಗ್ಲೌಸ್ ಹಾಕಿ, ಉದ್ದ ಹಿಡಿಯ ರೇಕ್‌ನಿಂದ ಕೆರೀಬೇಕು. ಸುರಕ್ಷತಾ ಸಲಕರಣೆ, ಮುನ್ನೆಚ್ಚರಿಕೆ ಇಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್‌ ಶುಚಿಗೆ ಮನುಷ್ಯರನ್ನು ಇಳಿಸೋದನ್ನ 2013ರ ಕಾಯ್ದೆಯೇ ನಿಷೇಧಿಸಿದೆ. ಅಂಥದ್ದು ಕಂಡರೆ ಅಲ್ಲಿಂದ ನೀರು ತಗೋಬೇಡಿ.

ಜಾಲರಿ ಸರಿಯಿದ್ದ ಮಾತ್ರಕ್ಕೆ ನೀರಿನ ರೋಗಾಣು ಹೋಗಲ್ಲ, ಉಪ್ಪೂ ಕಮ್ಮಿ ಆಗಲ್ಲ. ನೀರು ಲ್ಯಾಬ್‌ಗೆ ಕಳಿಸಿ. ಹಸಿಯಾಗಿ ತಿನ್ನೋ ಸೊಪ್ಪು, ಕ್ಯಾರೆಟ್‌ಗೆ ನಾನಂತೂ ಬಿಡಲ್ಲ. ಬಾಳೆಗೆ, ನೇಪಿಯರ್ ಹುಲ್ಲಿಗೆ ಅಷ್ಟೇ.

ಈಗ ಕಾಲೇಜಿನವರ ಜೊತೆ ಒಂದು ಒಪ್ಪಂದ ಇದೆ. ಎಸ್‌ಟಿಪಿ ನೋಡಿಕೊಳ್ಳೋರು ದಿನಾ 9 ಗಂಟೆಗೆ ಕೆರೆದ ಜಾಲರಿಯ ಫೋಟೊ ವಾಟ್ಸಾಪ್ ಮಾಡ್ತಾರೆ. ಫೋಟೊ ಬರದ ದಿನ ನಾನು ವಾಲ್ವ್ ತಿರುಗಿಸಲ್ಲ.